ಕ್ಯಾಮೆರಾ ಚೀಲದೊಳಗಿನ ಬಟ್ಟೆ ಕ್ಲಿಪ್ಪು

ಮಳೆ ನಿಂತಿತಲ್ಲ ಎಂದು ಮೊನ್ನೆ ಕ್ಯಾಮೆರಾ ಚೀಲವನ್ನು ಬಿಸಿಲಿಗೆ ಹಾಕಲು ಖಾಲಿ ಮಾಡಿದೆ. ಲೆನ್ಸ್ ಒರೆಸುವ ಬಟ್ಟೆ, ಎರಡು ಬ್ಯಾಟರಿ, ಭದ್ರಾವತಿ ಬಸ್ಸಿನ ಮಾಸಿದ ಟಿಕೆಟ್ಟುಗಳು, ಇರುವೆಗಳು ಅರ್ಧ ಮುಗಿಸಿದ್ದ ಒಂದು ಕಡಲೆಮಿಠಾಯಿ ಹೊರಬಂದವು. ಕೊನೆಗೆ ಪಕ್ಕದ ಜೇಬಿನಿಂದ ಒಂದು ನೀಲಿ ಬಟ್ಟೆ ಕ್ಲಿಪ್ಪು ಬಿತ್ತು.

ನಮ್ಮವರು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಅಲ್ಲ ಮಾರಾಯ್ತಿ, ನನ್ನ ಪಂಚೆ ಗಾಳಿಗೆ ಹಾರಿ ಹಾರಿ ಪಕ್ಕದ ಮನೆಯವರ ತುಳಸಿಕಟ್ಟೆಗೆ ಸುತ್ತಿಕೊಳ್ತಿದೆ. ಕ್ಲಿಪ್ಪು ಇಲ್ಲಿ ಹಕ್ಕಿ ನೋಡೋಕೆ ಹೋಗಿದ್ಯಾ?"

ನಾನು ನಗಬೇಕಿತ್ತು. ಅವರ ಕೈಯಿಂದ ಅದನ್ನು ಇಸಿದುಕೊಂಡೆ, ಅಷ್ಟೆ. ಅವರಿಗೆ ಈ ಕ್ಲಿಪ್ಪಿನ ಕಥೆ ಗೊತ್ತಿಲ್ಲ. ನಿಮಗೆ ಹೇಳುತ್ತೇನೆ, ಸ್ವಲ್ಪ ಸುತ್ತು ಹಾಕಿ.

ನಾನು ಶಿವಮೊಗ್ಗದ ದುರ್ಗಿಗುಡಿಯ ಹತ್ತಿರದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ವಾರದಲ್ಲಿ ಆರು ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುತ್ತೇನೆ. ಭಾನುವಾರ ಅದೇ ಕಣ್ಣನ್ನು ಮೊಳದುದ್ದದ ಲೆನ್ಸಿಗೆ ಇಡುತ್ತೇನೆ. ತೀರಾ ಹತ್ತಿರದ್ದು, ತೀರಾ ದೂರದ್ದು ಎರಡೂ ನನಗೆ ಚೆನ್ನಾಗಿ ಕಾಣುತ್ತವೆ. ನಡುವೆ ಇರುವುದು ಅಷ್ಟಾಗಿ ಕಾಣುವುದಿಲ್ಲ. ನಮ್ಮವರು ಒಮ್ಮೆ ಮೀಸೆ ತೆಗೆಸಿಕೊಂಡು ಬಂದಿದ್ದರು. ನಾನು ಗಮನಿಸಿದ್ದು ನಾಲ್ಕನೆಯ ದಿನ, ಅದೂ ಅವರು ಬೇಕೆಂದೇ ಮೂಗಿನ ಕೆಳಗೆ ಕೈಯಾಡಿಸಿಕೊಂಡು ಎದುರಿಗೆ ಎರಡು ಸಲ ಓಡಾಡಿದ ಮೇಲೆ.

ಈ ಹುಚ್ಚು ಹತ್ತಿ ಆರು ವರ್ಷವಾಯಿತು. ಮೊದಲು ಚಿಟ್ಟೆ, ಆಮೇಲೆ ಹಕ್ಕಿ. ಊರಿನಲ್ಲಿ ನಮ್ಮದೊಂದು ಎಂಟು ಜನರ ಗುಂಪಿದೆ. ಒಬ್ಬರು ಮೇಷ್ಟರು, ಇಬ್ಬರು ಬ್ಯಾಂಕಿನವರು, ಒಬ್ಬರು ಟೈರ್ ಅಂಗಡಿಯವರು, ಹೀಗೆ. ಒಮ್ಮೆ ಎಲ್ಲರೂ ತ್ಯಾವರೆಕೊಪ್ಪಕ್ಕೆ ಹೋಗಿ ಸಫಾರಿ ಬಸ್ಸು ಹತ್ತಿದ್ದೆವು. ಎಡಗಡೆ ಸಿಂಹ ಮಲಗಿತ್ತು. ಬಸ್ಸಿನವರೆಲ್ಲ ಎಡಕ್ಕೆ ವಾಲಿದರು. ನಾವು ಎಂಟೂ ಜನ ಬಲಗಡೆಯ ಕಿಟಕಿಗೆ ನುಗ್ಗಿದೆವು. ಅಲ್ಲಿ ಬೇಲಿ ಕಂಬದ ಮೇಲೆ ಒಂದು ನೀಲಕಂಠ ಕೂತಿತ್ತು.

"ಏನ್ರೀ ಇದು, ಟಿಕೆಟ್ ತಗೊಂಡು ಬಂದು ಬೇಲಿ ನೋಡ್ತೀರಾ? ಸಿಂಹಕ್ಕೆ ಬೇಜಾರಾಗಲ್ವಾ?" ಎಂದು ಡ್ರೈವರ್ ಕೇಳಿದ. ಬಸ್ಸೆಲ್ಲ ನಕ್ಕಿತು. ನೀಲಕಂಠ ಹಾರಿಹೋಯಿತು. ಯಾರಿಗೂ ಚಿತ್ರ ಸಿಗಲಿಲ್ಲ.

ಗುಂಪಿನ ಹಿರಿಯರು ಮೇಷ್ಟರೇ, ವಿಶ್ವಣ್ಣ ಅಂತ. ಹೊಸದಾಗಿ ಸೇರಿದವರಿಗೆ ಅವರು ಎರಡು ಪಾಠ ಹೇಳುತ್ತಾರೆ. ಒಂದು, ಹಕ್ಕಿಯ ಕಣ್ಣು ಶಾರ್ಪ್ ಇರಬೇಕು. ಕಣ್ಣು ಸರಿಯಾಗಿ ಬಂದರೆ ಉಳಿದದ್ದು ಹೇಗಿದ್ದರೂ ನಡೆಯುತ್ತದೆ. ಎರಡು, ಫ್ರೇಮ್ ಕ್ಲೀನ್ ಇರಬೇಕು. ಹಕ್ಕಿಗೂ ನಮಗೂ ನಡುವೆ ಎಲೆ ಬರಬಾರದು, ಕಡ್ಡಿ ಬರಬಾರದು. ಬಂದರೆ? ಆಗ ವಿಶ್ವಣ್ಣ ತಮ್ಮ ಜೇಬಿನಿಂದ ಒಂದು ಬಟ್ಟೆ ಕ್ಲಿಪ್ಪು ತೆಗೆದು ತೋರಿಸುತ್ತಾರೆ. "ಕತ್ತರಿಸಬಾರದು. ಪಾಪ ಬರುತ್ತೆ. ಮೆತ್ತಗೆ ಸರಿಸಿ, ಪಕ್ಕದ ಕೊಂಬೆಗೆ ಸಿಗಿಸಿ. ಹತ್ತು ನಿಮಿಷ. ಆಮೇಲೆ ತೆಗೆದುಬಿಡಿ. ಗಿಡಕ್ಕೂ ಗೊತ್ತಾಗಲ್ಲ."

ಅಂದಿನಿಂದ ನಮ್ಮ ಎಂಟೂ ಜನರ ಚೀಲದಲ್ಲಿ ಕ್ಲಿಪ್ಪು ಇರುತ್ತದೆ. ನೀವು ಎಲ್ಲಾದರೂ ಗೂಡಿನಲ್ಲಿರುವ ಹಕ್ಕಿಯ ಬಹಳ ಸ್ವಚ್ಛವಾದ ಚಿತ್ರ ನೋಡಿದರೆ, ಒಂದು ಎಲೆಯೂ ಅಡ್ಡ ಬಂದಿಲ್ಲದಿದ್ದರೆ, ಚಿತ್ರದ ಅಂಚಿನ ಆಚೆ ಒಂದು ಕ್ಲಿಪ್ಪು ಇರಬಹುದು ಎಂದುಕೊಳ್ಳಿ.

ಭದ್ರಾವತಿ ನನಗೆ ರಜೆಯ ಊರು. ನ್ಯೂಟೌನಿನಲ್ಲಿ ನಮ್ಮ ಸೋದರತ್ತೆ ಸರೋಜ ಇದ್ದಾರೆ. ಚಿಕ್ಕಂದಿನಲ್ಲಿ ಬೇಸಿಗೆಯೆಲ್ಲ ಅಲ್ಲೇ ಕಳೆದವಳು ನಾನು. ಕಾರ್ಖಾನೆಯ ಸೈರನ್ನಿಗೆ ಏಳುವುದು, ಸೈರನ್ನಿಗೆ ಉಣ್ಣುವುದು. ಕಾಗದ ಕಾರ್ಖಾನೆಯ ಗಾಳಿ ಈ ಕಡೆ ತಿರುಗಿದ ದಿನ ಒಣಗಿದ ಬಟ್ಟೆಯಲ್ಲೂ ಕೊಳೆತ ಎಲೆಕೋಸಿನ ವಾಸನೆ. ಮಕ್ಕಳ ಆಟ ಎಂದರೆ ಏರೋಪ್ಲೇನ್ ಚಿಟ್ಟೆ ಹಿಡಿದು ಅದರ ಬಾಲಕ್ಕೆ ದಾರ ಕಟ್ಟಿ ಹಾರಿಸುವುದು. ಪಕ್ಕದ ಸಾಲಿನ ತಮಿಳು ಹುಡುಗಿಯರು ಅದನ್ನು ತುಂಬಿ ಅನ್ನುತ್ತಿದ್ದರು. ನಮಗಿಂತ ಚೆನ್ನಾಗಿ ಗಂಟು ಹಾಕುತ್ತಿದ್ದರು. ಅತ್ತೆ ಹೊಲಿಗೆ ಮಿಷನ್ನಿನಿಂದ ಎದ್ದು ಬಂದು ಎಲ್ಲ ದಾರಗಳನ್ನೂ ಕತ್ತರಿಸಿ ಹೋಗುತ್ತಿದ್ದರು. ಬಯ್ಯುತ್ತಿರಲಿಲ್ಲ. ಕೆಲಸ ಮುಗಿಸಿದವರ ಹಾಗೆ ಮತ್ತೆ ಮಿಷನ್ನಿಗೆ ಕೂರುತ್ತಿದ್ದರು.

ಅತ್ತೆಗೆ ಈಗ ಎಪ್ಪತ್ತೊಂದು. ಹೊಲಿಗೆ ಬಿಟ್ಟಿದ್ದಾರೆ, ಮಾತು ಬಿಟ್ಟಿಲ್ಲ. ಸಕ್ಕರೆ ಕಾಯಿಲೆ ಇದೆ. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಇನ್ಸುಲಿನ್ ಆಗಬೇಕು. "ನನ್ನ ಹೊಟ್ಟೆಗೆ ನಾನೇ ಚುಚ್ಚಿಕೊಳ್ಳೋದಾ? ಜೀವ ಹೋದರೂ ಆಗಲ್ಲ" ಎಂದು ಮೊದಲ ದಿನವೇ ಕೈ ಚೆಲ್ಲಿದ್ದರು. ಆ ಕೆಲಸ ವಹಿಸಿಕೊಂಡವರು ಪಕ್ಕದ ಮನೆಯ ಮುಮ್ತಾಜಮ್ಮ. ತೀರಿಹೋದ ತಮ್ಮ ಯಜಮಾನರಿಗೆ ಕೊಟ್ಟು ಅವರಿಗೆ ಅಭ್ಯಾಸವಿತ್ತು. ಬೆಳಿಗ್ಗೆ ಏಳೂವರೆಗೆ ಹಿಂದಿನ ಬಾಗಿಲಿನಿಂದ ಬರುವುದು, ಸೂಜಿ ಚುಚ್ಚುವುದು, ಅರ್ಧ ಲೋಟ ಸಕ್ಕರೆಯಿಲ್ಲದ ಕಾಫಿಯನ್ನು ಮುಖ ಕಿವುಚಿಕೊಂಡು ಕುಡಿಯುವುದು. "ಸರೋಜಕ್ಕನ ಕಾಯಿಲೆಗೆ ನಾನು ಪಥ್ಯ ಮಾಡ್ತಿದೀನಿ ನೋಡು ಬೇಟಾ" ಎಂದು ನನಗೆ ದೂರು ಹೇಳುತ್ತಿದ್ದರು.

ಎರಡು ಮನೆಯ ನಡುವೆ ಎದೆಮಟ್ಟದ ಗೋಡೆ. ಗೋಡೆಗೆ ಒತ್ತಿಕೊಂಡು ಅತ್ತೆಯ ನಿಂಬೆ ಗಿಡ. ಬುಡ ಇತ್ತ, ಅರ್ಧ ಕೊಂಬೆ ಅತ್ತ. ನಾನು ಮೊದಲು ಕ್ಯಾಮೆರಾ ಹೊತ್ತು ಹೋದದ್ದು ಆ ಗಿಡದ ಮೇಲೆ ಬೆಳೆಯುವ ಚಿಟ್ಟೆ ಹುಳುಗಳಿಗಾಗಿ. ಮರಿ ಹುಳು ಥೇಟ್ ಹಕ್ಕಿ ಹಿಕ್ಕೆಯ ಹಾಗಿರುತ್ತದೆ. ಅತ್ತೆ ಅದನ್ನು ನೋಡಿ, "ಇದರ ಫೋಟೋಕ್ಕೆ ಶಿವಮೊಗ್ಗದಿಂದ ಬಂದ್ಯಾ? ಹೇಳಿದ್ರೆ ಕಾಗೆಯದ್ದು ಅಸಲಿ ಇಲ್ಲೇ ತೋರಿಸ್ತಿದ್ದೆ" ಎಂದಿದ್ದರು.

ಈ ವರ್ಷ ಯುಗಾದಿ ಕಳೆದ ಮೇಲೆ ಅತ್ತೆಯ ಫೋನು ಬಂತು. ನಿಂಬೆ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿದೆ. ಮೂರು ಮೊಟ್ಟೆ. ಆಮೇಲೆ ಇನ್ನೊಂದು ಫೋನು. ಎರಡು ಮರಿ, ಒಂದು ಮೊಟ್ಟೆ ಒಡೆದಿಲ್ಲ. ಅತ್ತೆ ಗಿಡಕ್ಕೆ ನೀರು ಹಾಕುವಾಗ ಚೊಂಬನ್ನು ನೆಲಕ್ಕೆ ಮುಟ್ಟಿಸಿ ಸದ್ದಾಗದಂತೆ ಬಗ್ಗಿಸುತ್ತಿದ್ದರಂತೆ. ಮುಮ್ತಾಜಮ್ಮ ಗೋಡೆಯ ಆಚೆ ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಬಚ್ಚಲಲ್ಲೇ ಒಗೆಯುತ್ತಿದ್ದರಂತೆ. ಅವರ ಬೆಕ್ಕು ಬಬ್ಲುಗೆ ಮಾತ್ರ ಯಾರೂ ಏನೂ ಹೇಳುವ ಹಾಗಿರಲಿಲ್ಲ. ಅದು ದಿನಾ ಗೋಡೆಯ ಮೇಲೆ ಬಿಸಿಲು ಕಾಯುತ್ತಿತ್ತು.

ಆ ಭಾನುವಾರ ನಾನು ಏಳು ಗಂಟೆಗೆ ಅಲ್ಲಿದ್ದೆ. ಮುಮ್ತಾಜಮ್ಮ ಸೂಜಿ ಚುಚ್ಚಿ, ಕಾಫಿ ಕುಡಿದು ಹೋದರು. ಅತ್ತೆ ಹಿತ್ತಲ ಬಾಗಿಲಿನಲ್ಲಿ ನಿಂತು ಇದ್ದಕ್ಕಿದ್ದಂತೆ ಕೈ ಮುಗಿದರು. ಬೇಲಿಯ ಬಳಿ ಒಂದು ಕೆಂಬೂತ ನೆಲದ ಮೇಲೆ ನಡೆದು ಹೋಗುತ್ತಿತ್ತು. ನಮ್ಮ ಕಡೆ ಅದನ್ನು ರತ್ನಪಕ್ಷಿ ಎಂದೂ ಅನ್ನುತ್ತಾರೆ. ಬೆಳಿಗ್ಗೆ ಕಂಡರೆ ಒಳ್ಳೆಯದಾಗುತ್ತದೆ ಎನ್ನುವ ನಂಬಿಕೆ.

"ದರ್ಶನ ಆಯ್ತಲ್ಲ, ಇವತ್ತು ನಿನ್ನ ಫೋಟೋ ಚೆನ್ನಾಗಿ ಬರುತ್ತೆ ಬಿಡು" ಎಂದು ಅತ್ತೆ ಒಳಗೆ ಹೋದರು.

ಇಲ್ಲಿಂದ ಮುಂದೆ ನಾನು ಗಡಿಯಾರ ನೋಡಿಕೊಂಡು ಹೇಳುತ್ತೇನೆ. ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೊತ್ತು ಬರೆದಿಡುತ್ತದೆ. ಊಹೆಗೆ ಜಾಗವಿಲ್ಲ.

ಗೂಡಿನ ಮುಂದೆ ಒಂದು ಸಣ್ಣ ಕೊಂಬೆ ಅಡ್ಡ ಇತ್ತು. ಅದರಲ್ಲಿ ಹದಿಮೂರು ಎಲೆ. ಏಳು ಐವತ್ತಕ್ಕೆ ನಾನು ಅದನ್ನು ಮೆತ್ತಗೆ ಬಗ್ಗಿಸಿ, ಪಕ್ಕದ ಕೊಂಬೆಗೆ ಕ್ಲಿಪ್ಪು ಹಾಕಿದೆ. ಬಚ್ಚಲುಮನೆಯ ಮೂಲೆಗೆ ಬಂದು ಸ್ಟ್ಯಾಂಡಿನ ಹಿಂದೆ ಕೂತೆ. ತಾಯಿ ಬಾಯಲ್ಲಿ ಹುಳು ಹಿಡಿದು ಬರಬೇಕು, ನಾನು ತೆಗೆಯಬೇಕು. ಹತ್ತು ನಿಮಿಷ ಆಯಿತು. ತಾಯಿ ತಂತಿಯ ಮೇಲೆ ಕೂತು ನನ್ನನ್ನು ನೋಡುತ್ತಿತ್ತು, ಇಳಿಯಲಿಲ್ಲ. ಕ್ಲಿಪ್ಪು ತೆಗೆಯಬೇಕಿತ್ತು. ಆದರೆ ಆಗ ತಾನೇ ಬಿಸಿಲು ಗೋಡೆ ದಾಟಿ ಗೂಡಿನ ಅಂಚಿಗೆ ಬಿತ್ತು. ಅಂಥ ಬೆಳಕು ಐದಾರು ನಿಮಿಷ ಮಾತ್ರ ಇರುತ್ತದೆ ಎಂದು ಕಾದೆ. ಅದು ಹೋದ ಮೇಲೆ ಇನ್ನೂ ಸ್ವಲ್ಪ ಕಾದೆ. ಒಟ್ಟು ಮೂವತ್ತೈದು ನಿಮಿಷ.

ಎಂಟು ಇಪ್ಪತ್ತೈದಕ್ಕೆ ಕೊಂಬೆ ಅಲುಗಿತು. ಬಂದದ್ದು ಕೆಂಬೂತ. ನನಗೆ ಆದದ್ದು ಸಂತೋಷ. ಅಷ್ಟು ಹತ್ತಿರದಿಂದ ಅದು ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಬೆರಳು ಒತ್ತಿ ಹಿಡಿದೆ. ಕ್ಯಾಮೆರಾ ಒಂದೇ ಸಮನೆ ಹತ್ತು ಚಿತ್ರ ತೆಗೆಯಿತು. ಎರಡು ಸೆಕೆಂಡು ಕೂಡ ಇಲ್ಲ. ಮೊದಲನೆಯದರಲ್ಲಿ ತಲೆ ಮಾತ್ರ ಇದೆ. ಎರಡರಿಂದ ಐದರವರೆಗೆ ಕಣ್ಣು ಬಹಳ ಶಾರ್ಪ್ ಆಗಿ ಬಂದಿದೆ, ಕುಂಕುಮದ ಬಣ್ಣ. ನಾನು ನೋಡುತ್ತಿದ್ದದ್ದು ಆ ಕಣ್ಣನ್ನೇ. ಆರನೆಯದರಲ್ಲಿ ಕೊಕ್ಕು ಗೂಡಿನೊಳಗಿದೆ. ಎಂಟನೆಯದರಲ್ಲಿ ಕೊಕ್ಕಿನಲ್ಲಿ ಏನೋ ಗುಲಾಬಿ ಬಣ್ಣದ್ದು ಇದೆ. ನನಗೆ ಅರ್ಥವಾದದ್ದು ಆಗ. ಆದರೂ ಒಂಬತ್ತನೆಯದು ಇದೆ, ಹತ್ತನೆಯದೂ ಇದೆ.

ಎರಡನೆಯ ಮರಿಯ ಚಿತ್ರವಿಲ್ಲ. ಅಷ್ಟು ಹೊತ್ತಿಗೆ ನಾನು ಎದ್ದು ನಿಂತಿದ್ದೆ. ನಿಂತಿದ್ದೆ, ಅಷ್ಟೆ. ಒಂದು ಕಲ್ಲು ಎಸೆಯಬಹುದಿತ್ತು, ಕೂಗಬಹುದಿತ್ತು. ಕೆಂಬೂತ ಅದನ್ನೂ ಕಚ್ಚಿಕೊಂಡು ಗೋಡೆಯ ಆಚೆಗೆ ಇಳಿದು ಹೋಯಿತು. ಪಿಕಳಾರಗಳೆರಡೂ ಬಂದು ಕಿರುಚಾಡಿದವು.

ನಾನು ಮಾಡಿದ ಮೊದಲ ಕೆಲಸ ಗಿಡದ ಹತ್ತಿರ ಓಡಿ ಕ್ಲಿಪ್ಪು ತೆಗೆದು ಚೀಲದ ಜೇಬಿಗೆ ಹಾಕಿದ್ದು. ಕೊಂಬೆ ತನ್ನಷ್ಟಕ್ಕೆ ಹಿಂದಕ್ಕೆ ಬಂದು ಗೂಡನ್ನು ಮುಚ್ಚಿತು.

ಹಕ್ಕಿಗಳ ಗಲಾಟೆಗೆ ಅತ್ತೆ ಓಡಿ ಬಂದರು. ಎಲೆ ಸರಿಸಿ ನೋಡಿದರು. ಒಡೆಯದ ಮೊಟ್ಟೆ ಒಂದೇ ಇತ್ತು. ತಲೆ ಎತ್ತಿದರು. ಗೋಡೆಯ ಮೇಲೆ ಬಬ್ಲು ಮುಂಗಾಲು ನೆಕ್ಕುತ್ತಾ ಕೂತಿತ್ತು.

"ನೀನು ಇಲ್ಲೇ ಇದ್ದೆಯಲ್ಲೇ ಸುಧಾ. ನೋಡಿಲ್ವಾ?"

"ಬ್ಯಾಟರಿ ಬದಲಾಯಿಸ್ತಿದ್ದೆ ಅತ್ತೆ" ಎಂದೆ.

ಬ್ಯಾಟರಿ ತುಂಬಿತ್ತು.

ಬುಧವಾರ ಲ್ಯಾಬಿನಲ್ಲಿದ್ದಾಗ ಅತ್ತೆಯ ಫೋನು. ಭಾನುವಾರ ನಾನು ಹೊರಟ ಮೇಲೆ ಮುಮ್ತಾಜಮ್ಮನ ಜೊತೆ ಮಾತು ಬಿಟ್ಟಾಗಿತ್ತು.

"ಬೆಕ್ಕನ್ನ ಕಟ್ಟಿಹಾಕೇ ಅಂದೆ. ಅವಳು ಏನಂದ್ಲು ಗೊತ್ತಾ? ‘ನಮ್ ಬಬ್ಲುಗೆ ಮೀನಿನ ಮುಳ್ಳು ತೆಗೆದು ಬಾಯಿಗೆ ಇಡ್ಬೇಕು, ಅಂಥ ನವಾಬ, ಅವನೆಲ್ಲಿ ಗಿಡ ಹತ್ತಿ ಬೇಟೆಯಾಡ್ತಾನೆ, ನಿಮ್ಮ ಕಣ್ಣಿಗೆ ಪೊರೆ ಬಂದಿದೆ’ ಅಂದ್ಲು. ಪೊರೆ ಬಂದಿರೋದು ನಿಜ. ಆದ್ರೆ ಅದನ್ನ ಹೇಳೋ ಹೊತ್ತಾ ಅದು?"

"ಬೆಕ್ಕು ಈಗ ಎಲ್ಲಿದೆ?"

"‘ಹಳೇ ಊರಿನ ಮೀನು ಮಾರ್ಕೆಟ್ಟಿನಲ್ಲಿ ಬಿಟ್ಟು ಬಂದೆ, ಸಮಾಧಾನ ಆಯ್ತಾ’ ಅಂತ ಗೋಡೆ ಮೇಲಿಂದ ಹೇಳಿ ಬಾಗಿಲು ಹಾಕಿಕೊಂಡ್ಲು. ಆವತ್ತಿಂದ ನನ್ನ ಮೇಲಿನ ಸಿಟ್ಟಿಗೆ ಇಡೀ ದಿನ ಟಿವಿ ಜೋರಾಗಿ ಇಡ್ತಾಳೆ."

"ಮತ್ತೆ ಇನ್ಸುಲಿನ್ನು?"

"ನಾನೇ ಚುಚ್ಚಿಕೊಳ್ತೀನಿ. ಅದೇನು ಮಹಾ" ಎಂದು ಅತ್ತೆ ಫೋನ್ ಇಟ್ಟರು.

ಅತ್ತೆ ಚುಚ್ಚಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಗಲೇ ಹೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಅದರ ಬದಲು ಸಂಜೆ ವಿಶ್ವಣ್ಣನಿಗೆ ಫೋನ್ ಮಾಡಿದೆ. ಅವರು ಸಮಾಧಾನ ಹೇಳಿದರು. "ಪ್ರಕೃತಿ ಅಂದ್ರೆ ಹಾಗೇ ಮೇಡಂ. ಕೆಂಬೂತಕ್ಕೂ ಹೊಟ್ಟೆ ಇದೆ."

"ಕ್ಲಿಪ್ಪು ಹಾಕಿದ್ದೆ ವಿಶ್ವಣ್ಣ."

"ಎಲ್ಲರೂ ಹಾಕ್ತೀವಲ್ಲ. ಎಷ್ಟು ಹೊತ್ತು?"

"ಮೂವತ್ತೈದು ನಿಮಿಷ."

"ಕಣ್ಣು ಶಾರ್ಪ್ ಬಂದಿದೆಯಾ?" ಎಂದು ಕೇಳಿದರು. ಅವರು ಕೆಟ್ಟವರಲ್ಲ. ನಾವು ಒಬ್ಬರಿಗೊಬ್ಬರು ಕೇಳಿಕೊಳ್ಳುವುದೇ ಅದು.

ಮುಂದಿನ ಭಾನುವಾರ ಹೋದಾಗ ಅತ್ತೆ ಬಾಗಿಲು ತೆಗೆಯಲು ಬಹಳ ಹೊತ್ತು ತೆಗೆದುಕೊಂಡರು. ತುಟಿ ಒಣಗಿತ್ತು. ಕೂತಲ್ಲಿಂದ ಎರಡು ಸಲ ನೀರಿಗೆ ಎದ್ದರು. ನಾನು ಬೆರಳು ಚುಚ್ಚಿ ಸಕ್ಕರೆ ನೋಡಿದೆ. ಮುನ್ನೂರರ ಮೇಲಿತ್ತು. ಹಿಂದಿನ ಭಾನುವಾರ ಹೊಸದಾಗಿ ಒಡೆದಿದ್ದ ಸೂಜಿಯ ಡಬ್ಬಿ ತೆಗೆದೆ. ಎಣಿಸುವುದು ನನ್ನ ವೃತ್ತಿ. ಏಳು ಸೂಜಿ ಖರ್ಚಾಗಿರಬೇಕಿತ್ತು. ಆಗಿದ್ದದ್ದು ಎರಡು. ಒಂದು, ಆವತ್ತು ನನ್ನ ಕಣ್ಣೆದುರೇ ಮುಮ್ತಾಜಮ್ಮ ಬಳಸಿದ್ದು. ಇನ್ನೊಂದರ ತುದಿ ಬಗ್ಗಿತ್ತು.

"ಪ್ರಯತ್ನ ಮಾಡ್ದೆ ಕಣೆ" ಎಂದರು ಅತ್ತೆ. "ಕೈ ಬರ್ಲಿಲ್ಲ."

ಹಿತ್ತಲಿಗೆ ಹೋಗಿ ಗೋಡೆಯ ಮೇಲಿಂದ ಕರೆದೆ. ಟಿವಿ ಸದ್ದಿಗೆ ಮೂರು ಸಲ ಕೂಗಬೇಕಾಯಿತು. ಮುಮ್ತಾಜಮ್ಮ ಸೆರಗು ಸರಿಮಾಡಿಕೊಳ್ಳುತ್ತಾ ಬಂದು ಗೋಡೆಯ ಆಚೆಯೇ ನಿಂತರು. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ, ಬೇರೆ ಕಡೆ ನೋಡುತ್ತಾ ನಿಂತರು. ಇಬ್ಬರ ನಡುವೆ ನಿಂತು ನಾನು ಹೇಳಿದೆ. ಕೊಂಬೆ ಸರಿಸಿದ್ದು ನಾನು. ಮೂವತ್ತೈದು ನಿಮಿಷ ಗೂಡು ತೆರೆದಿತ್ತು. ಬಂದದ್ದು ಕೆಂಬೂತ. ಬ್ಯಾಟರಿಯ ಮಾತು ಸುಳ್ಳು. ನಾನು ನೋಡಿದ್ದೇನೆ, ನನ್ನ ಹತ್ತಿರ ಚಿತ್ರಗಳಿವೆ.

ಕ್ಯಾಮೆರಾ ಗೋಡೆಯ ಮೇಲಿಟ್ಟು ಒಂದೊಂದಾಗಿ ತೋರಿಸಿದೆ.

"ಅಂದ್ರೆ ಬಬ್ಲು ಅಲ್ಲ" ಎಂದರು ಮುಮ್ತಾಜಮ್ಮ.

"ಅಲ್ಲ."

"ನಾನು ಹೇಳಿರ್ಲಿಲ್ವಾ?" ಎಂದು ಅವರು ಅತ್ತೆಯ ಕಡೆ ಒಮ್ಮೆ ನೋಡಿ, ಒಳಗೆ ಹೋಗಿ ಟಿವಿ ಆರಿಸಿದರು. ಯಾವುದೋ ಬಾಗಿಲಿನ ಚಿಲಕ ತೆಗೆದ ಸದ್ದಾಯಿತು. ಒಂದು ನಿಮಿಷದಲ್ಲಿ ಬಬ್ಲು ಹೊರಗೆ ಬಂದು, ಏನೂ ಆಗಿಲ್ಲದಂತೆ ಗೋಡೆ ಹತ್ತಿ ಬಿಸಿಲಿಗೆ ಹೊಟ್ಟೆ ಕೊಟ್ಟು ಮಲಗಿತು. ವಾರದಲ್ಲಿ ಇನ್ನಷ್ಟು ದಪ್ಪಗಾಗಿತ್ತು.

ಅತ್ತೆ ಬಾಯಿ ಬಿಟ್ಟು ನೋಡಿದರು. "ಮಾರ್ಕೆಟ್ಟಿಗೆ ಬಿಟ್ಟೆ ಅಂದ್ಯಲ್ಲೇ!"

"ಯಾರಾದ್ರೂ ಬಿಡ್ತಾರಾ ಅಕ್ಕಾ? ಒಳಗಿನ ರೂಮಲ್ಲಿ ಇಟ್ಕೊಂಡಿದ್ದೆ. ಹಾಳಾದ್ದು ಕೂಗೋದು ನಿಮಗೆ ಕೇಳಬಾರದು ಅಂತ ಟಿವಿ ಹಚ್ಚಿದ್ದೆ. ವಾರದಿಂದ ನನಗೂ ತಲೆನೋವು."

ಆಮೇಲೆ ಅವರು ಹಿಂದಿನ ಬಾಗಿಲಿನಿಂದ ಬಂದು, ನಲ್ಲಿಯಲ್ಲಿ ಕೈ ತೊಳೆದು, ಡಬ್ಬಿ ತೆಗೆದರು. ಅತ್ತೆ ಸೆರಗು ಸರಿಸಿದರು. ನಾನು ಲ್ಯಾಬಿನವಳು, ನಾನೇ ಚುಚ್ಚಬಹುದಿತ್ತು. ಇಬ್ಬರಲ್ಲಿ ಯಾರೂ ನನ್ನನ್ನು ಕೇಳಲಿಲ್ಲ.

ಮುಮ್ತಾಜಮ್ಮ ಕಾಫಿ ಇಡಲು ಅಡಿಗೆಮನೆಗೆ ಹೋದರು. ಅತ್ತೆ ಕನ್ನಡಕ ಹಾಕಿಕೊಂಡು ಕ್ಯಾಮೆರಾ ಕೇಳಿದರು. ಕೆಂಬೂತದ ಕಣ್ಣು ಅವರಿಗೆ ಬೇಕಾಗಿರಲಿಲ್ಲ.

"ಮರಿ ಎಲ್ಲಿ? ದೊಡ್ಡದು ಮಾಡು."

ನಾಲ್ಕನೆಯ ಚಿತ್ರದ ಕೆಳಗಿನ ಮೂಲೆಯನ್ನು ದೊಡ್ಡದು ಮಾಡಿ ಕೊಟ್ಟೆ. ಅಷ್ಟು ದಿನದಲ್ಲಿ ನಾನು ಆ ಮೂಲೆಯನ್ನು ನೋಡಿರಲಿಲ್ಲ. ಸ್ವಲ್ಪ ಮಸುಕಾಗಿದೆ, ಆದರೆ ತಿಳಿಯುತ್ತದೆ. ಎರಡು ತೆಳ್ಳನೆಯ ಕತ್ತು ನೆಟ್ಟಗೆ ಮೇಲೆದ್ದಿವೆ. ಎರಡು ಬಾಯಿ, ಆದಷ್ಟೂ ಅಗಲವಾಗಿ ತೆರೆದಿವೆ.

"ಇದೇನು, ಬಾಯಿ ತೆರ್ಕೊಂಡಿವೆ? ಹೆದರಿಕೊಂಡು ಕೂಗ್ತಿವೆಯಾ?"

"ಅಲ್ಲ ಅತ್ತೆ. ಅವು ಇನ್ನೂ ಕಣ್ಣು ಬಿಟ್ಟಿರ್ಲಿಲ್ಲ. ಕೊಂಬೆ ಅಲುಗಿದ್ರೆ ಅಮ್ಮ ಬಂದ್ಲು ಅಂದ್ಕೊಂಡು ಬಾಯಿ ತೆರೀತವೆ."

ಅತ್ತೆ ಬಹಳ ಹೊತ್ತು ನೋಡಿದರು. ಕ್ಯಾಮೆರಾ ಪರದೆಯ ಬೆಳಕು ಆರಿದಾಗ ಅದನ್ನು ಮತ್ತೆ ಹಚ್ಚಿಕೊಡು ಎಂದು ಸನ್ನೆ ಮಾಡಿದರು. ಹಚ್ಚಿಕೊಟ್ಟೆ. ಅವರು ಸಿಟ್ಟಿನಿಂದ ಕೇಳಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದರು, ಅಷ್ಟೆ.

"ನೀನು ಕೊಂಬೆ ಸರಿಸಿದಾಗ್ಲೂ ತೆರೆದಿದ್ವಾ?"

"ತೆರೆದಿದ್ದವು" ಎಂದೆ.